ಮಲೆನಾಡಿನ ರಸ್ತೆಗೆ ಸ್ಪೋರ್ಟಿ ಕಾರಿನ ಸಸ್ಪೆನ್ಷನ್: ಕಡಿಮೆ ದುಡ್ಡಿನಲ್ಲಿ ಏನು ಮಾಡಿಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಶಿವಮೊಗ್ಗದಲ್ಲಿ, ಊರು ತೀರ್ಥಹಳ್ಳಿ ಕಡೆ. ಹತ್ತು ವರ್ಷ ದಾಟಿದ ಒಂದು ಪೋಲೋ ಜಿಟಿ ಟಿಎಸ್‌ಐ ನನ್ನ ಬಳಿ ಇದೆ. ವಾರಕ್ಕೊಮ್ಮೆ ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾರಿಯಲ್ಲಿ ಊರಿಗೆ ಹೋಗಿಬರುತ್ತೇನೆ. ಸಸ್ಪೆನ್ಷನ್, ಅಂದರೆ ಚಕ್ರವನ್ನು ಕಾರಿನ ಮೈಗೆ ಜೋಡಿಸಿ ಕುಲುಕಾಟ ತಡೆಯುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಮುಂತಾದವುಗಳ ಬಗ್ಗೆ ಗೆಳೆಯರು, ಅವರ ಗೆಳೆಯರು, ಪರಿಚಯವೇ ಇಲ್ಲದ ಹುಡುಗರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರಿಸಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರ ಬಳಿ ದುಡ್ಡು ಕಡಿಮೆ, ಆಸೆ ಜಾಸ್ತಿ. ಆ ಆಸೆ ನನಗೂ ಇದೆ. ಅದಕ್ಕೇ ಯಾರ ದುಡ್ಡೂ ಸುಮ್ನೆ ಹಾಳಾಗಬಾರದು ಅಂತ ಇಷ್ಟು ಉದ್ದ ಬರೆದಿದ್ದೇನೆ.

ಇದು ಯಾವ ಕಾರುಗಳಿಗೆ? ಪೋರ್ಷೆ, ಫೆರಾರಿಗಾ?

ಅಲ್ಲ. ನಮ್ಮ ಕಡೆ ಸ್ಪೋರ್ಟ್ಸ್ ಕಾರು ಅಂದರೆ ಚುರುಕಾದ ಸಣ್ಣ ಕಾರು. ಪೋಲೋ ಜಿಟಿ, ಪುಂಟೋ ಅಬಾರ್ತ್, ಬಲೆನೋ ಆರ್‌ಎಸ್, ಫಿಗೋ ಎಸ್, ಐ20 ಎನ್ ಲೈನ್, ಸ್ವಿಫ್ಟ್, ಇಂಥವು. ಇವೆಲ್ಲದರ ಮೂಳೆ ಹೆಚ್ಚುಕಡಿಮೆ ಒಂದೇ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಸೇರಿದ್ದು), ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರವನ್ನು ಜೋಡಿಸುವ, ತಿರುಚಿಕೊಳ್ಳುವ ಅಡ್ಡ ತೊಲೆ), ಎಳೆಯುವುದು ಮುಂದಿನ ಚಕ್ರ. ಹಾಗಾಗಿ ಒಂದಕ್ಕೆ ಹೇಳಿದ್ದು ಬಹುಪಾಲು ಇನ್ನೊಂದಕ್ಕೂ ಸಲ್ಲುತ್ತದೆ.

ಕಾರು ತಿರುವಿನಲ್ಲಿ ವಾಲುತ್ತದೆ, ಗುಂಡಿಯಲ್ಲಿ ಕುಣಿಯುತ್ತದೆ. ಮೊದಲು ಏನು ಅಪ್‌ಗ್ರೇಡ್ ಮಾಡಿಸಲಿ?

ಮೊದಲು ಏನನ್ನೂ ಅಪ್‌ಗ್ರೇಡ್ ಮಾಡಿಸಬೇಡಿ. ಇರುವುದನ್ನು ಸರಿ ಮಾಡಿಸಿ.

ಇದನ್ನು ಹೇಳಿದರೆ ಹುಡುಗರ ಮುಖ ಬಾಡುತ್ತದೆ. ಆದರೂ ಇದೇ ನಿಜ. ಎಂಟು ಹತ್ತು ವರ್ಷ ಮಲೆನಾಡಿನಲ್ಲಿ ಓಡಿದ ಕಾರಿನ ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್‌ಗಳು ಸೀಳು ಬಿಟ್ಟಿರುತ್ತವೆ. ವಾಲುವುದನ್ನು ತಡೆಯುವ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್ ಸಡಿಲವಾಗಿರುತ್ತದೆ. ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್ ಕುಸಿದಿರುತ್ತದೆ. ಇವೆಲ್ಲ ದಿನಕ್ಕೊಂದಿಷ್ಟು ಹಾಳಾಗುವ ಕಾರಣ ನಮಗೆ ಗೊತ್ತೇ ಆಗುವುದಿಲ್ಲ. ಕಾರು ಹೊಸದಾಗಿದ್ದಾಗ ಹೇಗೆ ಓಡುತ್ತಿತ್ತು ಅನ್ನುವುದೇ ಮರೆತುಹೋಗಿರುತ್ತದೆ.

ಕಾರನ್ನು ಲಿಫ್ಟಿಗೆ ಏರಿಸಿ ಟಾರ್ಚ್ ಹಿಡಿದು ನೀವೇ ನೋಡಿ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ಹಿಂದಿನ ಬುಷ್ ದೊಡ್ಡದು, ಕಣ್ಣಿಗೆ ಸುಲಭವಾಗಿ ಕಾಣುತ್ತದೆ. ಅದರ ನಡುವೆ ಸಣ್ಣ ರಾಡ್ ಇಟ್ಟು ಮೀಟಿದರೆ ಒಳ್ಳೆಯ ಬುಷ್ ಸ್ವಲ್ಪ ಬಾಗಿ ವಾಪಸ್ ಬರುತ್ತದೆ. ಹೋದ ಬುಷ್ ಬಾಯಿ ತೆರೆಯುತ್ತದೆ, ಒಳಗೆ ಕೆಂಪು ಮಣ್ಣು ಕಾಣುತ್ತದೆ. ನನ್ನ ಕಾರಿನಲ್ಲಿ ಎರಡೂ ಕಡೆ ಹಾಗೇ ಇತ್ತು. ಬ್ರೇಕ್ ಒತ್ತಿದಾಗಲೆಲ್ಲ ಮೂತಿ ಎಡಕ್ಕೆ ಎಳೆಯುತ್ತಿದ್ದುದಕ್ಕೆ ನಾನು ಟೈರನ್ನು ಬೈದುಕೊಳ್ಳುತ್ತಿದ್ದೆ. ಎರಡು ಬುಷ್ ಹಾಕಿಸಿದ ದಿನ ಸ್ಟೇರಿಂಗ್ ಹಿಡಿದರೆ ಬೇರೆಯೇ ಕಾರು.

ಶಾಕ್ ಅಬ್ಸಾರ್ಬರ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಬಾನೆಟ್ಟನ್ನು ಕೈಯಲ್ಲಿ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ನೋಡುವ ಪದ್ಧತಿ ಇದೆ. ಪೂರ್ತಿ ಸತ್ತ ಶಾಕ್ ಅಬ್ಸಾರ್ಬರ್ ಅದರಲ್ಲಿ ಸಿಕ್ಕಿಬೀಳುತ್ತದೆ. ಅರ್ಧ ಸತ್ತಿದ್ದು ಸಿಗುವುದಿಲ್ಲ. ಕೈಯಲ್ಲಿ ಒತ್ತುವ ವೇಗವೇ ಬೇರೆ, ಗುಂಡಿ ಒತ್ತುವ ವೇಗವೇ ಬೇರೆ.

ಟೈರಿನ ಮೇಲೆ ಅಂಗೈ ಸವರಿ. ಅಲ್ಲಲ್ಲಿ ತಗ್ಗು ದಿಣ್ಣೆ ಸಿಕ್ಕಿದರೆ ಚಕ್ರ ರಸ್ತೆ ಬಿಟ್ಟು ಕುಣಿಯುತ್ತಿದೆ ಎಂದು ತಿಳಿಯಿರಿ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಜಿನುಗಿ ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಅದರ ಆಯಸ್ಸು ಮುಗಿದಂತೆ. ಓಡಿಸುವಾಗಲೂ ತಿಳಿಯುತ್ತದೆ. ಹಂಪ್ಸ್ ದಾಟಿದ ಮೇಲೆ ಕಾರು ಒಮ್ಮೆ ಎದ್ದು ಕೂತರೆ ಸರಿ. ಎರಡು ಮೂರು ಸಲ ತೂಗಿದರೆ ಇಲ್ಲ. ತಿರುವಿನ ನಡುವೆ ರಸ್ತೆ ಕಿತ್ತುಹೋಗಿದ್ದಾಗ ಹಿಂಭಾಗ ಪಕ್ಕಕ್ಕೆ ಜಿಗಿದರಂತೂ ತಡ ಮಾಡಬೇಡಿ.

ನನ್ನ ಹತ್ತಿರ ಇರುವುದು ಇಷ್ಟೇ ದುಡ್ಡು. ಹೇಗೆ ಹಂಚಲಿ?

ಹಳೆಯ ಆಣೆ ಲೆಕ್ಕದಲ್ಲಿ ಹೇಳುತ್ತೇನೆ, ಯಾವ ಕಾರಿಗಾದರೂ ಹೊಂದುತ್ತದೆ. ರೂಪಾಯಿಗೆ 16 ಆಣೆ. 8 ಆಣೆ ಟೈರಿಗೆ. 4 ಆಣೆ ಶಾಕ್ ಅಬ್ಸಾರ್ಬರಿಗೆ. 3 ಆಣೆ ಬುಷ್, ಮೌಂಟ್, ಲಿಂಕ್ ರಾಡ್, ಬಾಲ್ ಜಾಯಿಂಟಿಗೆ (ಲೋವರ್ ಆರ್ಮಿನ ತುದಿಯ ಗುಂಡು ಕೀಲು). ಉಳಿದ 1 ಆಣೆ ಚಕ್ರಗಳ ಕೋನ ಸರಿಮಾಡುವ ಅಲೈನ್‌ಮೆಂಟಿಗೆ.

ಟೈರ್ ಹೊಸದಿದ್ದರೆ ಆ 8 ಆಣೆ ಶಾಕ್ ಅಬ್ಸಾರ್ಬರ್ ಕಡೆ ಹೋಗಲಿ. ಆಗ ಒಳ್ಳೆಯ ಜಾತಿಯದನ್ನೇ ತರಬಹುದು. ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಮಾಡಿಸಿ, ಆದರೆ ಜೋಡಿ ಒಡೆಯಬೇಡಿ. ಎಡಕ್ಕೆ ಹಾಕಿಸಿದ್ದನ್ನು ಬಲಕ್ಕೂ ಅದೇ ದಿನ ಹಾಕಿಸಬೇಕು. ಇನ್ನೊಂದು ಉಳಿತಾಯದ ಮಾತು: ಮುಂದಿನ ಸ್ಟ್ರಟ್ ಬಿಚ್ಚಿದ ದಿನವೇ ಮೇಲಿನ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್ (ಫೋಮಿನ ತಡೆ), ಧೂಳಿನ ಕವರ್ ಎಲ್ಲ ಬದಲಿಸಿಬಿಡಿ. ಬಿಚ್ಚಿ ಜೋಡಿಸುವ ಕೂಲಿ ಒಂದೇ. ಆರು ತಿಂಗಳ ನಂತರ ಒಂದು ಬೇರಿಂಗಿಗಾಗಿ ಪುನಃ ಪೂರ್ತಿ ಬಿಚ್ಚಿಸಿದರೆ ಕೂಲಿ ಎರಡು ಸಲ ಕೊಟ್ಟಂತೆ.

ಟೈರ್ ಸಸ್ಪೆನ್ಷನ್ನಾ? ಅದಕ್ಕೆ ಅರ್ಧ ದುಡ್ಡು ಯಾಕೆ?

ರಸ್ತೆಗೆ ತಾಗುವುದು ಟೈರ್ ಒಂದೇ ಅಲ್ವಾ. ನಾಲ್ಕು ಚಕ್ರಕ್ಕೂ ಸೇರಿ ನಾಲ್ಕು ಅಂಗೈಯಷ್ಟು ಜಾಗ ಮಾತ್ರ ರಸ್ತೆ ಮುಟ್ಟಿರುತ್ತದೆ. ಬೇರೆ ಎಲ್ಲ ಬಿಡಿಭಾಗಗಳೂ ದುಡಿಯುವುದು ಆ ನಾಲ್ಕು ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿಯುವುದಕ್ಕೆ.

ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ರಸ್ತೆ ಒಣಗುವುದು ಅಪರೂಪ. ಕಾಡಿನ ನೆರಳಿರುವ ಕಡೆ ಡಾಂಬರಿನ ಮೇಲೇ ಪಾಚಿ ಕಟ್ಟುತ್ತದೆ, ಅದರ ಮೇಲೆ ದರಗು ಬಿದ್ದು ಕೊಳೆತಿರುತ್ತದೆ. ಅಲ್ಲಿ ಕಾಪಾಡುವುದು ಟೈರಿನ ರಬ್ಬರ್ ಮತ್ತು ಗೀರು. ಕಾನೂನಿನ ಲೆಕ್ಕದಲ್ಲಿ ಗೀರಿನ ಆಳ 1.6 ಮಿ.ಮೀ. ಇದ್ದರೆ ಸಾಕು. ಮಲೆನಾಡಿನ ಮಳೆಗೆ ಅದು ಸಾಲದು. 3 ಮಿ.ಮೀ.ಗೆ ಬಂದಾಗಲೇ ಮಳೆಗಾಲದ ಮುಂಚೆ ಬದಲಿಸಿ ಅನ್ನುತ್ತೇನೆ.

ತೆಗೆದುಕೊಳ್ಳುವಾಗ ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. 2324 ಅಂತಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಮೂರು ವರ್ಷ ಮಲಗಿದ್ದ ಟೈರಿಗೆ ಹೊಸ ಟೈರಿನ ದುಡ್ಡು ಕೊಡಬೇಡಿ.

ಸೈಜಿನ ಬಗ್ಗೆ ಒಂದು ಮಾತು. ನನ್ನ ಕಾರಿಗೆ ಕಂಪನಿಯಿಂದ ಬಂದದ್ದು 185/60 ಆರ್15. ತುಂಬಾ ಜನ 195/55 ಆರ್15 ಹಾಕಿಸುತ್ತಾರೆ. ಅದರಿಂದ ಚಕ್ರದ ವ್ಯಾಸ ಸುಮಾರು 7 ಮಿ.ಮೀ. ಕಡಿಮೆಯಾಗಿ ಕಾರು 3-4 ಮಿ.ಮೀ. ಇಳಿಯುತ್ತದೆ. 195/60 ಆರ್15 ಹಾಕಿದರೆ ವ್ಯಾಸ 12 ಮಿ.ಮೀ. ಹೆಚ್ಚಿ ಕಾರು 6 ಮಿ.ಮೀ. ಏರುತ್ತದೆ, ಸ್ಪೀಡೋಮೀಟರ್ ಶೇ 2ರಷ್ಟು ಕಡಿಮೆ ತೋರಿಸುತ್ತದೆ. ನಮ್ಮ ರಸ್ತೆಗೆ ಎತ್ತರದ ಪಕ್ಕೆ ಇರುವ ಟೈರೇ ಒಳ್ಳೆಯದು. 17 ಇಂಚಿನ ಅಲಾಯ್ ಹಾಕಿ ತೆಳು ಟೈರ್ ತೊಡಿಸಿದರೆ ಕಾರು ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ನೀರು ತುಂಬಿದ ಗುಂಡಿಯ ಆಳ ಮೇಲಿನಿಂದ ಕಾಣುವುದಿಲ್ಲ. ಒಂದೇ ಏಟಿಗೆ ರಿಮ್ ಬಾಗಿ ಟೈರಿನ ಪಕ್ಕೆ ಉಬ್ಬುತ್ತದೆ.

ಲೋವರಿಂಗ್ ಸ್ಪ್ರಿಂಗ್ ಹಾಕಿಸಲಾ? ನೋಡೋಕೆ ಚೆನ್ನಾಗಿರುತ್ತದೆ, ತಿರುವಿನಲ್ಲೂ ಚೆನ್ನಾಗಿ ಹೋಗುತ್ತದಂತೆ.

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ನಾನೇ ಹಾಕಿಸಿದ್ದವನು, ಹಾಗಾಗಿ ಪೂರ್ತಿ ಹೇಳುತ್ತೇನೆ.

ಕಾರು ಕೆಳಗಿಳಿದರೆ ಭಾರದ ಕೇಂದ್ರ ಇಳಿಯುತ್ತದೆ, ವಾಲುವುದು ಕಡಿಮೆಯಾಗುತ್ತದೆ. ನುಣುಪಾದ ಟ್ರ್ಯಾಕಿನಲ್ಲಿ ಇದು ನಿಜವಾದ ಲಾಭ. ನಮ್ಮ ಕಡೆ ಲೆಕ್ಕ ಹೀಗಿದೆ. ಪೋಲೋದ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಮಿ.ಮೀ. 35 ಮಿ.ಮೀ. ಇಳಿಸಿದರೆ 130 ಉಳಿಯಿತು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಸಾಮಾನು ಹಾಕಿದರೆ ಇನ್ನೊಂದು 30 ಮಿ.ಮೀ. ಹೋಯಿತು. ಉಳಿದದ್ದು 100. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಪ್ರಕಾರ ಹಂಪ್ಸ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಆ ಅಳತೆಯ ಹಂಪ್ಸ್ ಅಗಲ ಇರುವುದರಿಂದ ಹೇಗೋ ದಾಟಬಹುದು. ಊರ ಬಾಗಿಲಲ್ಲಿ ಗ್ರಾಮಸ್ಥರೇ ಹಾಕಿಸಿದ ಚೂಪು ಹಂಪ್ಸಿನ ಮಾತು ಬೇರೆಯೇ.

ಅದಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಶಾಕ್ ಅಬ್ಸಾರ್ಬರಿನ ರಾಡಿನ ಮೇಲೆ ಬಂಪ್ ಸ್ಟಾಪ್ ಅನ್ನುವ ಫೋಮಿನ ತುಂಡು ಇರುತ್ತದೆ. ಚಕ್ರ ಪೂರ್ತಿ ಮೇಲೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ತಡೆಯುವುದು ಅದರ ಕೆಲಸ. ಕಾರು 35 ಮಿ.ಮೀ. ಇಳಿದರೆ ಚಕ್ರ ಮೇಲೆ ಬರುವ ದಾರಿಯೂ ಅಷ್ಟೇ ಕಡಿಮೆ. ತಿರುವಿನ ನಡುವೆ ಗುಂಡಿ ಬಂದರೆ ಕಾರು ಸೀದಾ ಬಂಪ್ ಸ್ಟಾಪ್ ಮೇಲೆ ಕೂರುತ್ತದೆ. ಆ ಕ್ಷಣ ಸ್ಪ್ರಿಂಗ್ ಇದ್ದೂ ಇಲ್ಲದ ಹಾಗೆ. ಟೈರ್ ಹಿಡಿತ ಬಿಡುತ್ತದೆ.

ನಾನು ಹಳೆಯ ಶಾಕ್ ಅಬ್ಸಾರ್ಬರಿನ ಮೇಲೇ ಈ ಸ್ಪ್ರಿಂಗ್ ಹಾಕಿಸಿದ್ದೆ. ಎರಡನೇ ವಾರವೇ ಊರಿಗೆ ಹೋದಾಗ, ಮೋರಿ ದಾಟಿ ತೋಟದ ದಾರಿಗೆ ಇಳಿಯುವ ಕಡೆ, ಮಣ್ಣಿನಿಂದ ಎದ್ದಿದ್ದ ಒಂದು ಕಲ್ಲು ಎಂಜಿನ್ನಿನ ತಳದ ಎಣ್ಣೆ ಚೇಂಬರಿಗೆ ಬಡಿಯಿತು. ಶಬ್ದ ಅಷ್ಟೇನೂ ಜೋರಿರಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಹಿಂದೆ ತಿರುಗಿ ನೋಡಿದರೆ ಕೆಂಪು ಮಣ್ಣಿನ ಮೇಲೆ ಕಪ್ಪು ಗೆರೆ. ಅಪ್ಪ ಒಂದು ಅಡಿಕೆ ಹಾಳೆ ತಂದು ಕಾರಿನಡಿ ಇಟ್ಟರು. ಹತ್ತು ನಿಮಿಷದಲ್ಲಿ ಹಾಳೆ ತುಂಬಿತು. ಎಣ್ಣೆ ಖಾಲಿಯಾಗಿ ಓಡಿಸಿದ್ದರೆ ಎಂಜಿನ್ನೇ ಹೋಗುತ್ತಿತ್ತು. ಕಾರು ಶಿವಮೊಗ್ಗಕ್ಕೆ ಬಂದದ್ದು ಟೋಯಿಂಗ್ ಗಾಡಿಯ ಮೇಲೆ.

ಈಗ ಕಂಪನಿಯ ಎತ್ತರಕ್ಕೇ ವಾಪಸ್ ಬಂದಿದ್ದೇನೆ. ಇಳಿಸಲೇಬೇಕು ಅನ್ನುವವರು 15-20 ಮಿ.ಮೀ.ಗಿಂತ ಜಾಸ್ತಿ ಇಳಿಸಬೇಡಿ, ಜೊತೆಗೆ ಅದಕ್ಕೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿಸಿ. ಚೇಂಬರಿನಡಿ ಗಟ್ಟಿ ಲೋಹದ ತಟ್ಟೆಯೂ ಇರಲಿ.

ಸ್ಪ್ರಿಂಗನ್ನೇ ಒಂದು ಸುತ್ತು ಕಟ್ ಮಾಡಿಸಿದರೆ? ಖರ್ಚೇ ಇಲ್ಲ.

ದಯವಿಟ್ಟು ಬೇಡ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಕಡಿದರೆ ಉಳಿದದ್ದು ಶೇ 20ರಷ್ಟು ಗಡುಸಾಗುತ್ತದೆ, ಹಳೆಯ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯುವ ತಾಕತ್ತು ಇರುವುದಿಲ್ಲ. ಕಡಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಹಂಪ್ಸಿನ ಮೇಲೆ ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಜರುಗಬಹುದು. ಗ್ಯಾಸ್ ಕಟರಿನಲ್ಲಿ ಕಡಿದರಂತೂ ಆ ಬಿಸಿಗೆ ಉಕ್ಕಿನ ಹದವೇ ಹೋಗಿ ಮುಂದೊಂದು ದಿನ ಮುರಿಯುತ್ತದೆ.

ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ತುರುಕಿ ಎತ್ತರ ಮಾಡಬಹುದಂತಲ್ಲ?

ಬೇಡ. ಸ್ಪ್ರಿಂಗಿನ ಒಂದೆರಡು ಸುತ್ತು ಕೆಲಸ ಮಾಡದಂತೆ ಮಾಡಿ ಉಳಿದ ಸುತ್ತಿನ ಮೇಲೆ ಭಾರ ಹೇರುತ್ತದೆ. ಮಳೆಗಾಲದಲ್ಲಿ ಅಲ್ಲೇ ಮಣ್ಣು ನೀರು ನಿಂತು ತುಕ್ಕು ಹಿಡಿಯುತ್ತದೆ.

ಯಾವ ಶಾಕ್ ಅಬ್ಸಾರ್ಬರ್ ಒಳ್ಳೆಯದು?

ಸ್ಪ್ರಿಂಗ್ ಕಾರನ್ನು ಹೊರುತ್ತದೆ, ಶಾಕ್ ಅಬ್ಸಾರ್ಬರ್ ಸ್ಪ್ರಿಂಗನ್ನು ಹಿಡಿತದಲ್ಲಿ ಇಡುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಒಂದು ಗುಂಡಿಯಿಂದ ಎದ್ದ ಚಕ್ರ ಮುಂದಿನ ಗುಂಡಿ ಬರುವುದರೊಳಗೆ ನೆಲಕ್ಕೆ ಕೂರಬೇಕು. ಅದನ್ನು ಕೂರಿಸುವುದು ಇದೇ. ಅದಕ್ಕೇ ನಮ್ಮ ರಸ್ತೆಯಲ್ಲಿ ಬಿಡಿಭಾಗಗಳ ಪೈಕಿ ನನ್ನ ಮೊದಲ ಓಟು ಯಾವಾಗಲೂ ಶಾಕ್ ಅಬ್ಸಾರ್ಬರಿಗೆ.

ಎರಡು ಜಾತಿ ಇವೆ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೆ ಇನ್ನೊಂದು ಕೊಳವೆ ಇರುತ್ತದೆ. ಬೆಲೆ ಕಡಿಮೆ, ಸವಾರಿ ಮೆತ್ತಗೆ, ಕಲ್ಲು ಬಡಿದರೂ ತಡೆಯುತ್ತದೆ. ಆದರೆ ಕಿತ್ತುಹೋದ ದಾರಿಯಲ್ಲಿ ಒಂದೇ ಸಮನೆ ಓಡಿಸಿದರೆ ಒಳಗಿನ ಎಣ್ಣೆ ಬಿಸಿಯಾಗಿ ನೊರೆಯೇಳುತ್ತದೆ, ಹಿಡಿತ ಸಡಿಲವಾಗುತ್ತದೆ. ಗ್ಯಾಸ್ ತುಂಬಿದ್ದು ಇದನ್ನು ಸ್ವಲ್ಪ ತಡೆಯುತ್ತದೆ. ಮೊನೋಟ್ಯೂಬ್‌ನಲ್ಲಿ ಒಂದೇ ಕೊಳವೆ. ಎಣ್ಣೆಗೂ ನೈಟ್ರೋಜನ್ ಗ್ಯಾಸಿಗೂ ನಡುವೆ ತೇಲುವ ಪಿಸ್ಟನ್ ಇರುವ ಕಾರಣ ನೊರೆಯ ಕಾಟ ಇಲ್ಲ, ಬಿಸಿಯೂ ಬೇಗ ಆರುತ್ತದೆ. ಬೆಲೆ ಜಾಸ್ತಿ.

ದುಡ್ಡು ತೀರಾ ಕಡಿಮೆಯಿದ್ದರೆ ಕಂಪನಿಯ ಶಾಕ್ ಅಬ್ಸಾರ್ಬರನ್ನೇ ಹೊಸದು ಹಾಕಿಸಿ. ಗೇಬ್ರಿಯಲ್, ಮನ್ರೋ, ಕೆವೈಬಿ ಇವುಗಳಲ್ಲಿ ನಿಮ್ಮ ಕಾರಿನದ್ದು ಸಿಕ್ಕಿದರೆ ಅದೂ ಆದೀತು. ಸ್ವಲ್ಪ ಕೂಡಿಟ್ಟು ಮಾಡಿಸುವವರಿಗೆ ನಾನು ಹೇಳುವುದು ಬಿಲ್‌ಸ್ಟೈನ್ ಬಿ6 ತರಹದ್ದು. ಅದು ಕಂಪನಿಯ ಎತ್ತರದ ಸ್ಪ್ರಿಂಗಿಗೇ ಹೊಂದುತ್ತದೆ. ಬಿ8 ಅನ್ನುವುದು ಇಳಿಸಿದ ಕಾರಿಗೆಂದೇ ಗಿಡ್ಡವಾಗಿ ಮಾಡಿದ್ದು. ಎಷ್ಟೋ ಜನ ಸಂಖ್ಯೆ ದೊಡ್ಡದು ಅಂತ ಬಿ8 ತರಿಸಿ ಕಂಪನಿ ಸ್ಪ್ರಿಂಗಿಗೆ ಹಾಕಿಸುತ್ತಾರೆ, ಆಗ ಚಕ್ರ ಕೆಳಗೆ ಇಳಿಯಲು ದಾರಿ ಸಾಲುವುದಿಲ್ಲ. ಕೋನಿಯ ಹಳದಿ ಬಣ್ಣದ್ದರಲ್ಲಿ ಚಕ್ರ ವಾಪಸ್ ಇಳಿಯುವ ವೇಗವನ್ನು ತಿರುಗಿಸಿ ಹೊಂದಿಸಬಹುದು.

ಕಂಪನಿ ಸ್ಪ್ರಿಂಗ್, ಒಳ್ಳೆಯ ಶಾಕ್ ಅಬ್ಸಾರ್ಬರ್. ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ಕಾಯಿಲ್‌ಓವರ್?

ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಜೋಡಣೆ ಅದು, ಎತ್ತರವನ್ನು ಬೇಕಾದ ಹಾಗೆ ಏರಿಸಿ ಇಳಿಸಬಹುದು. ಟ್ರ್ಯಾಕಿಗೆ ಹೋಗುವವರಿಗೆ ಒಳ್ಳೆಯದು. ಆದರೆ ಅದರ ಮೈಮೇಲಿನ ಸ್ಕ್ರೂ ಥ್ರೆಡ್ಡಿಗೆ ನಮ್ಮ ಕೆಸರು ಹೊಕ್ಕರೆ ಒಂದೇ ಮಳೆಗಾಲದಲ್ಲಿ ಎತ್ತರ ಹೊಂದಿಸುವ ರಿಂಗ್ ಕಚ್ಚಿಕೊಳ್ಳುತ್ತದೆ. ಆಮೇಲೆ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಅಗ್ಗದ ಕಾಯಿಲ್‌ಓವರಿಗೆ ಕೊಡುವ ದುಡ್ಡಿಗೆ ದುಬಾರಿ ಶಾಕ್ ಅಬ್ಸಾರ್ಬರ್ ಬರುತ್ತದೆ. ನಾನಾದರೆ ಎರಡನೆಯದನ್ನೇ ತರುತ್ತೇನೆ.

ದಪ್ಪ ಆಂಟಿ-ರೋಲ್ ಬಾರ್ ಹಾಕಿಸಿದರೆ ವಾಲುವುದು ನಿಲ್ಲುತ್ತದಾ?

ಕಡಿಮೆಯಾಗುತ್ತದೆ, ಅದೂ ಚೆನ್ನಾಗಿಯೇ. ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಈ ಸರಳಿನ ಗಡಸುತನ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 20 ಮಿ.ಮೀ. ಸರಳಿನ ಜಾಗಕ್ಕೆ ಅದೇ ಆಕಾರದ 22 ಮಿ.ಮೀ. ಸರಳು ಹಾಕಿದರೆ ಗಡಸುತನ ಶೇ 46ರಷ್ಟು ಜಾಸ್ತಿ. ಬರೀ 2 ಮಿ.ಮೀ. ವ್ಯತ್ಯಾಸಕ್ಕೆ ಇಷ್ಟು.

ಮುಂದಿನ ಚಕ್ರ ಎಳೆಯುವ ಕಾರು ತಿರುವಿನಲ್ಲಿ ಮೂತಿ ಹೊರಕ್ಕೆ ದೂಡುತ್ತದೆ. ಅದಕ್ಕೆ ಮದ್ದು ಅಂತ ಹಿಂದಿನ ಬೀಮಿಗೆ ದಪ್ಪ ಬಾರ್ ಹಾಕಿಸುತ್ತಾರೆ. ಒಣ ರಸ್ತೆಯಲ್ಲಿ ಮೂತಿ ಚೆನ್ನಾಗಿ ತಿರುಗುತ್ತದೆ, ಖುಷಿಯೂ ಆಗುತ್ತದೆ. ಈಗ ಇದೇ ಕಾರನ್ನು ಹುಲಿಕಲ್ ಘಾಟಿಯ ಮಳೆಯಲ್ಲಿ ಇಳಿಸುವುದನ್ನು ಯೋಚಿಸಿ. ತಿರುವಿನೊಳಗೆ ಹೊಕ್ಕ ಮೇಲೆ ಎದುರಿಗೆ ಬಸ್ಸು ಕಂಡಿತು, ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟಿರಿ. ಭಾರ ಮುಂದಕ್ಕೆ ಬರುತ್ತದೆ, ಹಿಂಭಾಗ ಹಗುರಾಗುತ್ತದೆ. ಗಡುಸಾದ ಹಿಂಭಾಗ ಪಾಚಿಯ ಮೇಲೆ ಜಾರಿ ಹೊರಕ್ಕೆ ತಿರುಗುತ್ತದೆ. ಅದನ್ನು ಹಿಡಿಯಲು ಅಲ್ಲಿ ಜಾಗವೂ ಇಲ್ಲ, ಸಮಯವೂ ಇಲ್ಲ. ದಿನಾ ಮಳೆಯಲ್ಲಿ ಓಡಿಸುವ ಕಾರಿಗೆ ಹಿಂದಿನ ಬಾರ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಂದಿನ ಬಾರಿನ ಬುಷ್ ಮತ್ತು ಲಿಂಕ್ ರಾಡ್ ಹೊಸದು ಹಾಕಿಸಿ, ವಾಲುವುದರಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ.

ಸ್ಟ್ರಟ್ ಬಾರ್?

ಎರಡೂ ಸ್ಟ್ರಟ್ಟಿನ ತಲೆಗಳನ್ನು ಜೋಡಿಸುವ ಸರಳು ಅದು. ಆ ದುಡ್ಡು ಟೈರಿಗೆ ಸೇರಿಸಿ.

ರಬ್ಬರ್ ಬುಷ್ ಬದಲು ಪಾಲಿಯುರೆಥೇನ್ ಬುಷ್?

ಸ್ಟೇರಿಂಗ್ ಚುರುಕಾಗುತ್ತದೆ, ಬಾಳಿಕೆಯೂ ಬರುತ್ತದೆ. ಆದರೆ ರಸ್ತೆಯ ಗಡಗಡ ಎಲ್ಲ ಮೈಗೆ ಬರುತ್ತದೆ. ಸಿಲಿಕಾನ್ ಗ್ರೀಸ್ ಸರಿಯಾಗಿ ಹಚ್ಚದಿದ್ದರೆ ಕೀಚು ಕೀಚು ಶಬ್ದ ಬೇರೆ. ಒಂದೆರಡು ಕಡೆ, ಉದಾಹರಣೆಗೆ ಆಂಟಿ-ರೋಲ್ ಬಾರಿನ ಬುಷಿಗೆ, ಆದೀತು. ಎಲ್ಲಾ ಕಡೆ ಬೇಡ.

ಅಲೈನ್‌ಮೆಂಟಿನಲ್ಲಿ ಏನು ಕೇಳಬೇಕು? ಅವರು "ಆಯ್ತು ಸಾರ್" ಅಂತ ಬಿಲ್ ಕೊಡುತ್ತಾರೆ.

ಮುಂಚೆ-ನಂತರ ಎರಡೂ ಅಂಕಿಗಳಿರುವ ಪ್ರಿಂಟ್ ಕೇಳಿ. ಅದನ್ನು ಕೊಡದ ಕಡೆ ಹೋಗಬೇಡಿ. ಯಂತ್ರಕ್ಕೆ ಏರಿಸುವ ಮುಂಚೆ ನಾಲ್ಕೂ ಟೈರಿನ ಗಾಳಿ ಸರಿಯಾಗಿರಲಿ, ಡಿಕ್ಕಿ ಖಾಲಿಯಿರಲಿ. ಬುಷ್, ಶಾಕ್ ಅಬ್ಸಾರ್ಬರ್ ಕೆಲಸ ಮುಗಿದ ಮೇಲೆಯೇ ಅಲೈನ್‌ಮೆಂಟ್. ಮುಂಚೆ ಮಾಡಿಸಿದರೆ ಮತ್ತೆ ಮಾಡಿಸಬೇಕಾಗುತ್ತದೆ.

ಟೋ ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರ ಒಳಕ್ಕೆ ಮುಖ ಮಾಡಿವೆಯಾ, ಹೊರಕ್ಕಾ ಅನ್ನುವುದು. ಟೈರ್ ಬೇಗ ತಿನ್ನುವುದು ಇದೇ. ಕಂಪನಿ ಹೇಳಿದ ಅಂಕಿಯ ನಡುವೆ ಇಡಿಸಿ. ಕ್ಯಾಂಬರ್ ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು, ಒಳಕ್ಕಾದರೆ ಮೈನಸ್. ಮುಂದೆ ಮೈನಸ್ 1 ಡಿಗ್ರಿಯ ಆಸುಪಾಸು ಸಿಕ್ಕಿದರೆ ತಿರುವಿನಲ್ಲಿ ಹೊರಗಿನ ಟೈರ್ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ. ಸ್ವಿಫ್ಟ್ ತರಹದ ಕಾರಿನಲ್ಲಿ ಸ್ಟ್ರಟ್ಟನ್ನು ಎರಡು ಬೋಲ್ಟ್ ಹಿಡಿದಿರುತ್ತವೆ, ಅಲ್ಲಿ ಕ್ಯಾಂಬರ್ ಬೋಲ್ಟ್ ಹಾಕಿ ಕಡಿಮೆ ಖರ್ಚಿನಲ್ಲಿ ಇದನ್ನು ಪಡೆಯಬಹುದು. ನಮ್ಮ ಪೋಲೋದಲ್ಲಿ ಸ್ಟ್ರಟ್ ಒಂದು ಹಿಡಿಕೆಯೊಳಗೆ ಹೊಕ್ಕು ಕೂರುತ್ತದೆ, ಕ್ಯಾಂಬರ್ ಬೋಲ್ಟಿಗೆ ಅಲ್ಲಿ ಜಾಗವೇ ಇಲ್ಲ. ಲೋವರ್ ಆರ್ಮುಗಳನ್ನು ಹೊತ್ತ ಸಬ್‌ಫ್ರೇಮ್ ಸಡಿಲಿಸಿ ಎಡಬಲ ಸಮ ಮಾಡಿಸಿಕೊಳ್ಳಬಹುದು ಅಷ್ಟೇ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಏನು ಗಮನಿಸಬೇಕು?

ಮೂರು ವಿಷಯ. ಮೂರನೆಯದು ನನಗೆ ಒಂದು ಜೊತೆ ಬುಷಿನ ಬೆಲೆ ತೆತ್ತು ಗೊತ್ತಾದದ್ದು.

ಮೊದಲನೆಯದು, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಸ್ಟ್ರಟ್ ಬಿಚ್ಚಲು ಬಿಡಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಚಿಮ್ಮಿದರೆ ಕೈ, ಮುಖ ಉಳಿಯುವುದಿಲ್ಲ. ಎರಡನೆಯದು, ಹೊಸ ಟ್ವಿನ್ ಟ್ಯೂಬ್ ಶಾಕ್ ಅಬ್ಸಾರ್ಬರ್ ಡಬ್ಬಿಯಲ್ಲಿ ಮಲಗಿ ಬಂದಿರುತ್ತದೆ. ಹಾಕುವ ಮುಂಚೆ ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಬೇಕು, ಒಳಗೆ ಸೇರಿದ ಗಾಳಿ ಆಗ ಮೇಲೆ ಹೋಗುತ್ತದೆ.

ಮೂರನೆಯದು, ಲೋವರ್ ಆರ್ಮಿನ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಕಾರಿನ ಭಾರ ಚಕ್ರದ ಮೇಲೆ ಇರಬೇಕು. ರಬ್ಬರ್ ಬುಷ್ ಬೇರಿಂಗಿನಂತೆ ಸುತ್ತುವುದಿಲ್ಲ, ತಿರುಚಿಕೊಳ್ಳುತ್ತದೆ. ಕಾರು ಲಿಫ್ಟಿನ ಮೇಲೆ, ಚಕ್ರ ಜೋತುಬಿದ್ದಿರುವಾಗ ಬಿಗಿ ಮಾಡಿದರೆ ಬುಷಿಗೆ ಅದೇ ನೆಟ್ಟಗಿನ ಸ್ಥಿತಿ. ಕೆಳಗೆ ಇಳಿಸಿದ ಕೂಡಲೇ ಅದು ತಿರುಚಿಕೊಂಡು, ದಿನವಿಡೀ ಹಾಗೇ ಇರುತ್ತದೆ. ಒಂದು ಗ್ಯಾರೇಜಿನಲ್ಲಿ ನನ್ನ ಕಾರಿಗೆ ಹೀಗೇ ಮಾಡಿದ್ದರು. ಎಂಟು ತಿಂಗಳಿಗೆ ಹೊಸ ಬುಷ್ ಹರಿದಿತ್ತು. ಎರಡನೇ ಸಲ ನಾನೇ ಪಕ್ಕದಲ್ಲಿ ನಿಂತು, ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು ಕಾರು ನಿಂತ ಎತ್ತರಕ್ಕೆ ತರಿಸಿ, ಆಮೇಲೆ ಬಿಗಿ ಮಾಡಿಸಿದೆ. ಆ ಜೊತೆ ಇವತ್ತಿಗೂ ಚೆನ್ನಾಗಿದೆ. ಮೆಕ್ಯಾನಿಕ್ಕಿಗೆ ಜೋರು ಮಾಡಬೇಡಿ. "ಅಣ್ಣಾ, ಭಾರ ಬಿಟ್ಟ ಮೇಲೆ ಟೈಟ್ ಮಾಡೋಣ" ಅಂದರೆ ಸಾಕು, ಕೆಲಸ ಬಲ್ಲವರು ತಕ್ಷಣ ಒಪ್ಪುತ್ತಾರೆ.

ಗುಜರಿಯಲ್ಲಿ ಸಿಗುವ ಹಳೆಯದು, ರೀಕಂಡೀಷನ್ ಮಾಡಿದ್ದು ಹಾಕಿಸಬಹುದಾ?

ಲೋವರ್ ಆರ್ಮ್, ನಕಲ್ (ಚಕ್ರದ ಹಬ್ ಕೂರುವ ಗೆಣ್ಣು), ಆಂಟಿ-ರೋಲ್ ಬಾರ್ ಇಂಥ ಕಬ್ಬಿಣದ ಭಾಗ ಬಾಗದೆ, ಬಿರುಕು ಬಿಡದೆ ಇದ್ದರೆ ತರಬಹುದು. ಶಾಕ್ ಅಬ್ಸಾರ್ಬರ್ ಮಾತ್ರ ಬೇಡವೇ ಬೇಡ. ಕೊಳವೆಗೆ ತೂತು ಕೊರೆದು ಯಾವುದೋ ಎಣ್ಣೆ ತುಂಬಿ, ಬೆಸುಗೆ ಹಾಕಿ, ಬಣ್ಣ ಬಳಿದು ಮಾರುತ್ತಾರೆ. ಒಳಗಿನ ವಾಲ್ವ್, ಸೀಲ್ ಹಳೆಯವೇ.

ಆರ್‌ಟಿಓ, ಇನ್ಶೂರೆನ್ಸ್ ತೊಂದರೆ ಬರುತ್ತದಾ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು.

ಸವೆದ ಭಾಗದ ಜಾಗಕ್ಕೆ ಅದೇ ಎತ್ತರದ, ಅದೇ ಅಳತೆಯ ಭಾಗ ಹಾಕಿಸುವುದು ರಿಪೇರಿ. ಕಾರಿನ ಎತ್ತರ ಬದಲಿಸುವುದು, ಚಕ್ರದ ಮೇಲಿನ ರೆಕ್ಕೆಯಿಂದ (ಫೆಂಡರ್) ಹೊರಬರುವ ಚಕ್ರ ಹಾಕಿಸುವುದು ಬೇರೆ ಮಾತು. ಏನೇ ಬದಲಿಸಿದರೂ ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ, ಅವರ ಉತ್ತರ ಜೋಪಾನ ಮಾಡಿ. ಬಿಲ್‌ಗಳೂ ಕಾರಿನ ಫೈಲಿನಲ್ಲೇ ಇರಲಿ.

ಕೆಲಸ ಆದ ಮೇಲೆ ಎಲ್ಲಿ ಓಡಿಸಿ ನೋಡಬೇಕು? ಆಗುಂಬೆಗೆ ಹೋಗಲಾ?

ಆಗುಂಬೆ ಘಾಟಿ ಬೇಡ. 14 ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ, ಎದುರಿಗೆ ಮಿನಿ ಬಸ್ಸು, ತಿರುವಿನಲ್ಲಿ ಫೋಟೋ ತೆಗೆಯುವವರು, ಮಂಗಗಳು. ಅದು ಹುಷಾರಾಗಿ ದಾಟುವ ಜಾಗ. ಪರೀಕ್ಷೆಯ ಜಾಗ ಅಲ್ಲ.

ದಿನಾ ಓಡಾಡುವ ದಾರಿಯೇ ಸಾಕು. ನಾನು ಬೆಳಿಗ್ಗೆ ಬೇಗ ಮಂಡಗದ್ದೆ ತನಕ ಹೋಗಿಬರುತ್ತೇನೆ. ವೇಗ 40-50. ಎಲ್ಲಿ ಯಾವ ಗುಂಡಿ ಇದೆ ಅಂತ ಗೊತ್ತಿರುವ ರಸ್ತೆಯಲ್ಲೇ ಬದಲಾವಣೆ ತಿಳಿಯುವುದು. ಕಿಟಕಿ ಇಳಿಸಿ ಶಬ್ದ ಕೇಳಿ. ಸ್ಟೇರಿಂಗ್ ನೇರಕ್ಕೆ ತಾನೇ ಬರುತ್ತದಾ ನೋಡಿ. 500 ಕಿ.ಮೀ. ಆದ ಮೇಲೆ ಒಮ್ಮೆ ಗ್ಯಾರೇಜಿಗೆ ಹೋಗಿ ಎಲ್ಲಾ ಬೋಲ್ಟಿನ ಬಿಗಿ ನೋಡಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸಿದರೆ ಇನ್ನೂ ಒಳ್ಳೆಯದು. ಟೈರ್ ಗಾಳಿಯನ್ನು 2 ಪಿಎಸ್‌ಐ ಬದಲಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ಸರಿಯಾದ ಅಂಕಿ ಪೋಲೋದಲ್ಲಿ ಪೆಟ್ರೋಲ್ ಮುಚ್ಚಳದ ಒಳಗೆ, ಎಷ್ಟೋ ಕಾರುಗಳಲ್ಲಿ ಡ್ರೈವರ್ ಬಾಗಿಲ ಹತ್ತಿರ ಬರೆದಿರುತ್ತದೆ.

ಮಳೆಗಾಲದಲ್ಲಿ ಸಸ್ಪೆನ್ಷನ್ನಿಗೆ ಆರೈಕೆ ಏನಾದರೂ ಬೇಕಾ?

ಬೇಕು. ಸ್ಪ್ರಿಂಗಿನ ಕೆಳಗಿನ ಸೀಟು ಬಟ್ಟಲಿನ ಹಾಗಿದೆ. ತೋಟದ ದಾರಿಯ ಕೆಂಪು ಮಣ್ಣು ಅಲ್ಲಿ ಮೆತ್ತಿಕೊಂಡು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಸ್ಪ್ರಿಂಗಿನ ಬಣ್ಣ ಎದ್ದು, ತುಕ್ಕು ಹಿಡಿದು, ಕೆಳಗಿನ ಸುತ್ತು ಅಲ್ಲೇ ಮುರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಪೈಪಿನ ನೀರು ಬಿಟ್ಟು ಆ ಬಟ್ಟಲು ತೊಳೆಯಿರಿ. ರಭಸದ ವಾಷರ್ ಆದರೆ ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಗೆ ದೂರವಿಡಿ, ನೀರು ಒಳಗೆ ನುಗ್ಗುತ್ತದೆ. ಆ ಟೊಪ್ಪಿ ಹರಿದಿದ್ದರೆ ಮಳೆಗಾಲಕ್ಕೆ ಮುಂಚೆಯೇ ಬದಲಿಸಿ.

ಮನೆಯವರು ಬೈಯುತ್ತಾರೆ. "ಗಡುಸಾಗುತ್ತದೆ, ಹಿಂದೆ ಕೂರೋಕೆ ಆಗಲ್ಲ" ಅಂತಾರೆ. ಏನು ಹೇಳಲಿ?

ಅವರನ್ನು ಹಿಂದೆ ಕೂರಿಸಿಕೊಂಡು ಒಮ್ಮೆ ಊರಿಗೆ ಹೋಗಿಬನ್ನಿ. ಸತ್ತ ಶಾಕ್ ಅಬ್ಸಾರ್ಬರ್ ಮೆತ್ತಗೆ ಇರುವುದಿಲ್ಲ, ತೂಗಾಡಿಸುತ್ತದೆ. ಘಾಟಿ ದಾರಿಯಲ್ಲಿ ಹೊಟ್ಟೆ ತೊಳೆಸುವುದು ಎಷ್ಟೋ ಸಲ ಅದರಿಂದಲೇ. ನಮ್ಮ ಅಮ್ಮ ಕಾರು ಹತ್ತುವಾಗ ಸೆರಗಿನ ತುದಿಯಲ್ಲಿ ನಿಂಬೆಹಣ್ಣು ಕಟ್ಟಿಕೊಳ್ಳುತ್ತಿದ್ದರು, ಮಂಡಗದ್ದೆ ಬರುವುದರೊಳಗೆ ಎರಡು ಸಲ ಮೂಸುತ್ತಿದ್ದರು. ಶಾಕ್ ಅಬ್ಸಾರ್ಬರ್, ಬುಷ್ ಹೊಸದಾದ ಮೇಲೆ ಮೊದಲ ಸಲ ಕರೆದುಕೊಂಡು ಹೋದಾಗ ಏನನ್ನೂ ಹೇಳಿರಲಿಲ್ಲ. ತೀರ್ಥಹಳ್ಳಿ ಸೇತುವೆ ದಾಟುವಾಗ ಕನ್ನಡಿಯಲ್ಲಿ ನೋಡಿದೆ. ನಿಂಬೆಹಣ್ಣು ಮಡಿಲಲ್ಲಿತ್ತು, ಅಮ್ಮ ನಿದ್ದೆ ಮಾಡುತ್ತಿದ್ದರು.